ಯೂಯಿಸ್ಟ್ ದ್ವೀಪಗಳ ಒಂದು ಜೀವದಯಾ ಪ್ರಕರಣ

ಅಹಿಂಸೆಯನ್ನು ಕುರಿತು ನಮ್ಮ ಸಮಾಜದಲ್ಲಿ ನಡೆಯುವ ವಿಚಾರವಿನಿಮಯ ಬಹುಮಟ್ಟಿಗೆ ಅಡಿಗೆಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಕಂದಮೂಲಗಳ ವರ್ಜನೆ, ಸೂರ್ಯಾಸ್ತಕ್ಕೆ ಮುನ್ನ ಭೋಜನ, ನೀರು ಸೋಸುವ ಬಟ್ಟೆ ಇವೆಲ್ಲ ಶ್ರಾವಕನ ನಿತ್ಯಜೀವನದ ಆಧಾರಗಳೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂದು ಪ್ರಾಣಿವರ್ಗವನ್ನು ಉಳಿಸಬೇಕಾದರೆ ಇನ್ನೊಂದನ್ನು ಕೊಲ್ಲುವುದು ಅನಿವಾರ್ಯವೆಂದು ತಿಳಿದವರೇ ಲೆಕ್ಕ ಹಾಕಿ ತೋರಿಸಿದಾಗ ನಾವು ಏನು ಹೇಳಬೇಕು? ಇಂತಹ ಪ್ರಶ್ನೆಯೊಂದು 2003ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಕೆಲವು ದ್ವೀಪಗಳಲ್ಲಿ ಎದ್ದಿತು. ಅದಕ್ಕೆ ಉತ್ತರ ಹುಡುಕಲು ಹೊರಟವರು ಸಂಬಳವಿಲ್ಲದೆ ರಾತ್ರಿಯ ಹೊತ್ತು ಟಾರ್ಚು ಹಿಡಿದು ಹುಲ್ಲುಗಾವಲುಗಳಲ್ಲಿ ಅಲೆದ ಸ್ವಯಂಸೇವಕರು. ನಾನು ಆ ದ್ವೀಪಗಳನ್ನು ಕಂಡವನಲ್ಲ, ಓದಿ ತಿಳಿದವನು. ಆದರೂ ವಾಚಕರ ಮುಂದೆ ಇದನ್ನಿಡುವುದು ಉಚಿತವೆಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ಔಟರ್ ಹೆಬ್ರಿಡೀಸ್ ಎಂಬ ದ್ವೀಪಮಾಲೆ ಇದೆ. ಅದರಲ್ಲಿ ಉತ್ತರ ಯೂಯಿಸ್ಟ್, ಬೆನ್‌ಬೆಕ್ಯುಲಾ, ದಕ್ಷಿಣ ಯೂಯಿಸ್ಟ್ ಎಂಬ ಮೂರು ದ್ವೀಪಗಳು ಒಂದರ ಕೆಳಗೊಂದು ಸಾಲಾಗಿವೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸೇತುವೆ ಮತ್ತು ಒಡ್ಡುರಸ್ತೆಗಳನ್ನು ಕಟ್ಟಿ ಈ ಮೂರನ್ನೂ ಜೋಡಿಸಿದರು. ಇವುಗಳ ಪಶ್ಚಿಮದ ಅಂಚಿನಲ್ಲಿ ಸಮುದ್ರದ ಚಿಪ್ಪುಗಳು ಪುಡಿಯಾಗಿ ಗಾಳಿಗೆ ಹಾರಿಬಂದು ಹರಡಿದ ಬಯಲು ಇದೆ. ಅಲ್ಲಿನವರು ಅದನ್ನು ‘ಮಾಖರ್’ ಎನ್ನುತ್ತಾರೆ. ಸುಣ್ಣದ ಅಂಶವುಳ್ಳ ಆ ಮರಳು ಒಳನಾಡಿನ ಜವುಗು ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ. ಸಣ್ಣ ಹಿಡುವಳಿದಾರರು ದಡಕ್ಕೆ ಬಂದು ಬಿದ್ದ ಕಡಲಕಳೆಯನ್ನೇ ಗೊಬ್ಬರವಾಗಿ ಹಾಕಿ ಓಟ್ಸ್, ರೈ, ಬಾರ್ಲಿ ಬೆಳೆಯುತ್ತಾರೆ. ಒಂದೆರಡು ಬೆಳೆಯ ಮೇಲೆ ಆ ತುಂಡನ್ನು ಬೀಳುಬಿಟ್ಟು ಪಕ್ಕದ ತುಂಡನ್ನು ಉಳುತ್ತಾರೆ. ಹೀಗೆ ಉತ್ತದ್ದು, ಬೀಳುಬಿಟ್ಟದ್ದು, ಹೂ ಬಿಟ್ಟ ಹುಲ್ಲು, ತೇವದ ತಗ್ಗು ಎಲ್ಲವೂ ಒತ್ತೊತ್ತಾಗಿ ಬರುವ ಆ ನೆಲ, ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿಗೆ ಹೇಳಿ ಮಾಡಿಸಿದ ಬಾಣಂತಿಮನೆ. ಟಿಟ್ಟಿಭ, ಉಲ್ಲಂಕಿ, ಡನ್ಲಿನ್, ರೆಡ್‌ಶ್ಯಾಂಕ್, ರಿಂಗ್ಡ್ ಪ್ಲೋವರ್ ಮುಂತಾದವು ಅಲ್ಲಿ ಸೇರುವಷ್ಟು ದಟ್ಟವಾಗಿ ಪಶ್ಚಿಮ ಯೂರೋಪಿನ ಬೇರೆ ಕಡೆಗಳಲ್ಲಿ ಸೇರುವುದು ಬಹಳ ವಿರಳ.

ಸಮುದ್ರತೀರದಲ್ಲಿ ಮೊಟ್ಟೆಯಿಟ್ಟು ಅವನ್ನು ಸಮುದ್ರರಾಜನಿಗೆ ಕಳೆದುಕೊಂಡ ಟಿಟ್ಟಿಭ ದಂಪತಿಗಳ ಕಥೆಯನ್ನು ಪಂಚತಂತ್ರದಲ್ಲಿ ನಾವೆಲ್ಲ ಓದಿದ್ದೇವೆ. ಹೆಬ್ರಿಡೀಸಿನ ಟಿಟ್ಟಿಭಕ್ಕೆ ತಲೆಯ ಮೇಲೊಂದು ಜುಟ್ಟು ಹೆಚ್ಚು; ಉಳಿದಂತೆ ಸ್ವಭಾವ ಒಂದೇ. ನೆಲದ ಸಣ್ಣ ಗುಳಿಯಲ್ಲಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೇಲಿನ ಮಚ್ಚೆಗಳು ಮಣ್ಣಿನ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿರುತ್ತವೆಂದರೆ ಕಾಲಡಿಯಲ್ಲಿದ್ದರೂ ಕಾಣುವುದಿಲ್ಲ. ಆಕಾಶದಿಂದ ಕಡಲಕಾಗೆ ಎರಗಿದರೆ ಗಂಡುಹೆಣ್ಣು ಎರಡೂ ಕೂಗಿ ಮೇಲೆರಗಿ ಓಡಿಸುತ್ತವೆ. ಈ ರಕ್ಷಣೆಗಳೆಲ್ಲ ಹಗಲಿನಲ್ಲಿ ಕಣ್ಣಿನಿಂದ ಹುಡುಕುವ ಶತ್ರುವಿಗಾಗಿ ಇರುವಂಥವು. ಆ ದ್ವೀಪಗಳಲ್ಲಿ ನರಿಯಾಗಲಿ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಯಾಗಲಿ ಇಲ್ಲ. ರಾತ್ರಿಯಲ್ಲಿ ಮೂಗಿನಿಂದ ಹುಡುಕಿಕೊಂಡು ನೆಲದ ಮೇಲೆ ಬರುವ ಪ್ರಾಣಿ ಆ ಹಕ್ಕಿಗಳ ಅನುಭವದಲ್ಲೇ ಇರಲಿಲ್ಲ.

1974ರಲ್ಲಿ ದಕ್ಷಿಣ ಯೂಯಿಸ್ಟಿನ ಒಂದು ತೋಟಕ್ಕೆ ಅಂತಹ ಪ್ರಾಣಿ ಬಂದಿತು. ಹೆಜ್‌ಹಾಗ್ ಎಂಬ ಇದು ನಮ್ಮ ಕಾಡಿನ ಮುಳ್ಳುಹಂದಿಯಲ್ಲ. ಎರಡು ಬೊಗಸೆಯಲ್ಲಿ ಹಿಡಿಸುವಷ್ಟು ಚಿಕ್ಕದು. ಬೆನ್ನ ತುಂಬ ಮುಳ್ಳು, ಹೆದರಿದರೆ ಚೆಂಡಿನಂತೆ ಮುದುಡಿಕೊಳ್ಳುತ್ತದೆ, ಚಳಿಗಾಲವಿಡೀ ನಿದ್ರಿಸುತ್ತದೆ. ಇಂಗ್ಲಿಷರ ಮಕ್ಕಳ ಕಥೆಗಳಲ್ಲಿ ಇದಕ್ಕೆ ಬಹಳ ಪ್ರೀತಿಯ ಸ್ಥಾನ. ತೋಟದ ಸೊಪ್ಪು ತಿನ್ನುವ ಬಸವನಹುಳು ಮತ್ತು ಚಿಪ್ಪಿಲ್ಲದ ಅದರ ಬಂಧುಗಳನ್ನು ಇದು ತಿಂದುಹಾಕಲಿ ಎಂಬ ಉದ್ದೇಶದಿಂದ ಮುಖ್ಯಭೂಮಿಯಿಂದ ಕೆಲವನ್ನು ತಂದು ಬಿಟ್ಟರೆಂಬುದು ದಾಖಲೆಯ ಮಾತು. ತಂದವರ ಮನಸ್ಸಿನಲ್ಲಿ ಹಕ್ಕಿಗಳ ಬಗೆಗೆ ದ್ವೇಷವಿರಲಿಲ್ಲ. ಪ್ರಾಯಶಃ ಹಕ್ಕಿಗಳ ನೆನಪೇ ಇರಲಿಲ್ಲ. ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ನಮ್ಮ ಆಚಾರ್ಯರು ಕ್ರೋಧಕ್ಕಿಂತಲೂ ಪ್ರಮಾದಕ್ಕೆ, ಎಂದರೆ ಎಚ್ಚರಗೇಡಿತನಕ್ಕೆ, ಅಷ್ಟೊಂದು ಮಹತ್ತ್ವ ಕೊಟ್ಟದ್ದೇಕೆ ಎಂದು ಕೇಳುವ ತರುಣರಿಗೆ ಈ ತೋಟದ ಉದಾಹರಣೆ ಸಾಕು. (ಹುಳುಗಳನ್ನು ಕೊಲ್ಲುವ ಕೆಲಸವನ್ನು ಇನ್ನೊಂದು ಜೀವಿಗೆ ಗುತ್ತಿಗೆ ಕೊಟ್ಟದ್ದು ಬೇರೆ ಮಾತು. ಕಾರಿತ ಹಿಂಸೆಯೆಂದು ನಮ್ಮಲ್ಲಿ ಅದಕ್ಕೂ ಖಾತೆ ಉಂಟು.)

ನೈಸರ್ಗಿಕ ಶತ್ರುವಿಲ್ಲದ ನೆಲದಲ್ಲಿ ಆ ಕೆಲವೇ ಜೀವಿಗಳ ಸಂತಾನ ಹಬ್ಬಿತು. ಒಡ್ಡುರಸ್ತೆಯ ದಾರಿ ಹಿಡಿದು ಬೆನ್‌ಬೆಕ್ಯುಲಾಕ್ಕೆ, ಅಲ್ಲಿಂದ ಉತ್ತರ ಯೂಯಿಸ್ಟಿಗೆ ದಾಟಿತು. ಶತಮಾನದ ಕೊನೆಯ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 5,000 ಎಂಬ ಅಂದಾಜು ಹೊರಟಿತು. 1983ರಲ್ಲಿ ನಡೆದಿದ್ದ ಹಕ್ಕಿಗಳ ಗಣತಿಯನ್ನು 1995ರಲ್ಲಿ ಮತ್ತೆ ಮಾಡಿದಾಗ ದಕ್ಷಿಣದ ದ್ವೀಪಗಳಲ್ಲಿ ಹಲವು ಜಾತಿಗಳು ತೀವ್ರವಾಗಿ ಇಳಿದಿದ್ದುದು ಕಂಡುಬಂದಿತು. ಡಿಗ್ಗರ್ ಜ್ಯಾಕ್ಸನ್ ಎಂಬ ಸಂಶೋಧಕರು ಗೂಡುಗಳನ್ನು ಕಾದು ನೋಡಿ, ಮೊಟ್ಟೆಗಳ ನಷ್ಟಕ್ಕೆ ಹೆಜ್‌ಹಾಗ್ ದೊಡ್ಡ ಕಾರಣವೆಂದು ಸ್ಥಾಪಿಸಿದರು. ಬೇಲಿ ಹಾಕಿ ಒಳಗಿನ ಹೆಜ್‌ಹಾಗ್‌ಗಳನ್ನು ತೆಗೆದ ಜಾಗದಲ್ಲಿ ಮರಿಯಾದ ಗೂಡುಗಳು ಗಮನಾರ್ಹವಾಗಿ ಹೆಚ್ಚಿದ್ದವು. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಪ್ರಾಣಿದಯೆಯ ಪಕ್ಷ ವಹಿಸುವವರಲ್ಲಿ ಅನೇಕರು ವಿರೋಧಪಕ್ಷದ ಸಾಕ್ಷ್ಯವನ್ನೇ ಅಲ್ಲಗಳೆದು ಸುಲಭವಾಗಿ ಗೆಲ್ಲಲು ನೋಡುತ್ತಾರೆ. ಇಲ್ಲಿ ಹಕ್ಕಿಗಳ ಸಂಕಟ ನಿಜವಾದುದೇ ಆಗಿತ್ತು.

ಸ್ಕಾಟ್ಲೆಂಡಿನ ಸರಕಾರಿ ನಿಸರ್ಗ ಸಂಸ್ಥೆಯಾದ ಸ್ಕಾಟಿಷ್ ನ್ಯಾಚುರಲ್ ಹೆರಿಟೇಜ್ (2020ರಿಂದ ಇದರ ಹೆಸರು ನೇಚರ್‌ಸ್ಕಾಟ್) 2003ರ ವಸಂತದಲ್ಲಿ ಹೆಜ್‌ಹಾಗ್‌ಗಳನ್ನು ಹಿಡಿದು ಸೂಜಿಮದ್ದು ಕೊಟ್ಟು ಕೊಲ್ಲುವ ಕಾರ್ಯವನ್ನು ಉತ್ತರ ಯೂಯಿಸ್ಟಿನಿಂದ ಆರಂಭಿಸಿತು. ಆ ಮೊದಲ ವಸಂತದಲ್ಲಿ 66 ಸತ್ತವೆಂದು ವರದಿ. ಇದನ್ನು ಕ್ರೂರಿಗಳ ಕೆಲಸವೆಂದು ಚಿತ್ರಿಸುವುದು ಅನ್ಯಾಯವಾದೀತು. ತಾಯಿಯನ್ನು ಕೊಂದರೆ ಬಿಲದಲ್ಲಿ ಮರಿಗಳು ಹಸಿದು ಸಾಯುತ್ತವೆಂದು, ಮರಿಹಾಕುವ ಕಾಲಕ್ಕೆ ಮೊದಲೇ, ಏಪ್ರಿಲ್ ಮೇ ತಿಂಗಳುಗಳಲ್ಲಿ ಮಾತ್ರ ಅವರು ಈ ಕೆಲಸ ಮಾಡುತ್ತಿದ್ದರು. ಹಿಡಿದು ಬೇರೆಡೆಗೆ ಸಾಗಿಸಬಾರದೇಕೆ ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರವೂ ದಯೆಯ ಭಾಷೆಯಲ್ಲಿಯೇ ಇತ್ತು: ಅಪರಿಚಿತ ನೆಲದಲ್ಲಿ ಬಿಟ್ಟ ಪ್ರಾಣಿ ಆಹಾರ ಕಾಣದೆ, ಆಶ್ರಯ ಕಾಣದೆ ನಿಧಾನವಾಗಿ ನರಳಿ ಸಾಯುತ್ತದೆ, ಅದಕ್ಕಿಂತ ನೋವಿಲ್ಲದ ತ್ವರಿತ ಮರಣವೇ ಮೇಲು. ಪ್ರಾಣಿಹಿಂಸೆಯನ್ನು ತಡೆಯಲೆಂದೇ ಇರುವ ಸ್ಕಾಟಿಷ್ ಎಸ್.ಪಿ.ಸಿ.ಎ. ಸಂಸ್ಥೆಯ ಸಲಹೆಯೂ ಆಗ ಇದೇ ಆಗಿತ್ತು.

ಈ ವಾದ ನನ್ನನ್ನು ಬಹಳ ದಿನ ಕಾಡಿತು. ಧಾನ್ಯದ ಮಂಡಿಯಲ್ಲಿ ನಾಲ್ಕು ದಶಕ ಕುಳಿತವನು ನಾನು. ನಮ್ಮ ಜನರ ಗೋದಾಮುಗಳಲ್ಲಿ ಇಲಿಪಾಷಾಣ ಇಡುವುದಿಲ್ಲ, ಬೋನು ಇಡುತ್ತೇವೆ. ಬಿದ್ದ ಇಲಿಯನ್ನು ಆಳು ಊರಾಚೆಯ ಹೊಲದ ಬದುವಿನಲ್ಲಿ ಬಿಟ್ಟುಬರುತ್ತಾನೆ. ಆ ಇಲಿಯ ಗತಿ ಏನಾಯಿತೆಂದು ಹಿಂಬಾಲಿಸಿ ನೋಡಿದ ವರ್ತಕನನ್ನು ನಾನು ಕಂಡಿಲ್ಲ. ಬೋನು ತೆರೆದಲ್ಲಿಗೆ ನಮ್ಮ ಲೆಕ್ಕ ಚುಕ್ತಾ. ಕಣ್ಣಿಗೆ ಮರೆಯಾದದ್ದೆಲ್ಲ ಬದುಕಿತೆಂದು ಜಮಾ ಬರೆದುಕೊಳ್ಳುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಆ ಸರಕಾರಿ ಸಂಸ್ಥೆ ಎತ್ತಿತ್ತು. ಅದರ ನಿರ್ಣಯವನ್ನು ನಾನು ಒಪ್ಪಲಾರೆ, ಆದರೆ ಪ್ರಶ್ನೆ ನ್ಯಾಯವಾದದ್ದು.

ಸ್ವಯಂಸೇವಕರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಬ್ರಿಟಿಷ್ ಹೆಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿ ಮೊದಲಾದ ಸಂಸ್ಥೆಗಳು ಕೂಡಿ ‘ಯೂಯಿಸ್ಟ್ ಹೆಜ್‌ಹಾಗ್ ರೆಸ್ಕ್ಯೂ’ ಎಂಬ ಬಳಗವನ್ನು ಕಟ್ಟಿದವು. ಸಾಯಿಸುವವರು ಒಂದು ಕಡೆ, ಬದುಕಿಸುವವರು ಇನ್ನೊಂದು ಕಡೆ, ಇಬ್ಬರೂ ಅದೇ ರಾತ್ರಿಗಳಲ್ಲಿ ಅದೇ ಪ್ರಾಣಿಯನ್ನು ಹುಡುಕುವ ವಿಚಿತ್ರ ಪರಿಸ್ಥಿತಿ ಏರ್ಪಟ್ಟಿತು. ಹೆಬ್ರಿಡೀಸಿನ ಏಪ್ರಿಲ್ ರಾತ್ರಿಯೆಂದರೆ ಮಳೆ ಮತ್ತು ಗಾಳಿ. ಸಿಕ್ಕ ಹೆಜ್‌ಹಾಗನ್ನು ಪೆಟ್ಟಿಗೆಯಲ್ಲಿಟ್ಟು, ತೂಕ ನೋಡಿ, ಆಹಾರ ಕೊಟ್ಟು, ಹಡಗಿನಲ್ಲಿ ಮುಖ್ಯಭೂಮಿಗೆ ದಾಟಿಸಿ, ಏರ್‌ಶೈರ್ ಪ್ರಾಂತದ ಹೆಸಿಲ್‌ಹೆಡ್ ವನ್ಯಜೀವಿ ಚಿಕಿತ್ಸಾಲಯಕ್ಕೆ ಒಯ್ಯುತ್ತಿದ್ದರು. ಅಲ್ಲಿ ಆರೋಗ್ಯ ಪರೀಕ್ಷೆಯಾದ ಬಳಿಕ ತಕ್ಕ ಸ್ಥಳಗಳನ್ನು ಆರಿಸಿ ಬಿಡುತ್ತಿದ್ದರು. ವರ್ಷಗಳು ಉರುಳಿದಂತೆ ಹೀಗೆ ದಾಟಿಸಿದ ಜೀವಗಳ ಸಂಖ್ಯೆ ಸಾವಿರವನ್ನು ಮೀರಿತು.

ಇಷ್ಟೇ ಆಗಿದ್ದರೆ ಇದು ನಮ್ಮ ಬೋನಿನ ಇಲಿಯ ಕಥೆಯೇ ಆಗುತ್ತಿತ್ತು. ಆದರೆ 2005ರಲ್ಲಿ ಹ್ಯೂ ವಾರಿಕ್ ಎಂಬ ಪರಿಸರಜ್ಞರು, ಹೆಜ್‌ಹಾಗ್ ವಿಷಯದಲ್ಲಿ ಬಹುಕಾಲದ ತಜ್ಞರಾದ ಪ್ಯಾಟ್ ಮಾರಿಸ್ ಮೊದಲಾದವರೊಡನೆ ಸೇರಿ, ದ್ವೀಪದಿಂದ ತಂದ ಇಪ್ಪತ್ತು ಹೆಜ್‌ಹಾಗ್‌ಗಳ ಬೆನ್ನಿಗೆ ಚಿಕ್ಕ ರೇಡಿಯೋ ಯಂತ್ರಗಳನ್ನು ಅಂಟಿಸಿ ಮುಖ್ಯಭೂಮಿಯಲ್ಲಿ ಬಿಟ್ಟರು. ಆಮೇಲೆ ರಾತ್ರಿಗಳ ಕಾಲ ಅವುಗಳ ಹಿಂದೆ ತಿರುಗಿ, ಎಲ್ಲಿ ಮಲಗಿತು, ಏನಾಯಿತು, ತೂಕ ಏರಿತೆ ಇಳಿಯಿತೆ ಎಂದು ಬರೆದಿಟ್ಟರು. ಕೆಲವು ಸತ್ತವು, ಅದನ್ನೂ ಮರೆಮಾಚದೆ ಬರೆದರು. ಹೆಚ್ಚಿನವು ಹೊಸ ನೆಲಕ್ಕೆ ಹೊಂದಿಕೊಂಡವು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ನಡೆಸಿದ ಇನ್ನೊಂದು ಅಧ್ಯಯನ, ಬಿಡುವ ಮುನ್ನ ಕೆಲವು ಕಾಲ ಸಾಕಿ ಮೈದುಂಬಿಸಿದ ಪ್ರಾಣಿಗಳು ಹೆಚ್ಚು ಬದುಕುತ್ತವೆಂದು ತೋರಿಸಿತು. ಈ ಸಾಕ್ಷ್ಯಗಳನ್ನು ನೋಡಿ ಸ್ಕಾಟಿಷ್ ಎಸ್.ಪಿ.ಸಿ.ಎ. ತನ್ನ ಸಲಹೆಯನ್ನು ಬದಲಿಸಿತು. 2007ರಲ್ಲಿ ಸರಕಾರಿ ಸಂಸ್ಥೆಯೂ ಕೊಲ್ಲುವುದನ್ನು ನಿಲ್ಲಿಸಿ ಸಾಗಿಸುವ ಮಾರ್ಗಕ್ಕೆ ಬಂದಿತು. ಕೂಗಾಟ ಮತ್ತು ಮನವಿಪತ್ರಗಳಿಗಿಂತ ಆ ಇಪ್ಪತ್ತು ಪ್ರಾಣಿಗಳ ದಿನಚರಿಯ ಪುಟಗಳಿಗೆ ಹೆಚ್ಚು ತೂಕ ಬಂದಿತೆಂಬುದು ನನ್ನ ಅಭಿಪ್ರಾಯ.

ಇದೇ ವಾರಿಕ್ 1986ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಆರ್ಕ್ನಿ ದ್ವೀಪಗಳಲ್ಲೊಂದಾದ ನಾರ್ತ್ ರೊನಾಲ್ಡ್ಸೆಗೆ ಹೋಗಿದ್ದರು. ಅಲ್ಲಿಯೂ ಯಾರೋ ತಂದುಬಿಟ್ಟ ಹೆಜ್‌ಹಾಗ್ ಹೆಚ್ಚಿ, ಕಡಲ ಹಕ್ಕಿಗಳು ಮರಿಮಾಡದಂತಾಗಿದೆ ಎಂಬ ಸುದ್ದಿ. ಹತ್ತು ಸಾವಿರ ಹೆಜ್‌ಹಾಗ್‌ಗಳಿವೆಯೆಂದು ಪತ್ರಿಕೆಗಳು ಬರೆದಿದ್ದವು. ಇವರು ರಾತ್ರಿರಾತ್ರಿ ನಡೆದು ಎಣಿಸಿದರೆ ಐನೂರರ ಆಸುಪಾಸು. ಆ ಕಾಲದಲ್ಲಿ ಆ ಸಮುದ್ರದ ಹಕ್ಕಿಗಳು ಸೋಲಲು ಅವುಗಳ ಆಹಾರವಾದ ಸಣ್ಣ ಮೀನಿನ ಕೊರತೆಯೇ ದೊಡ್ಡ ಕಾರಣವೆಂದು ಅನಂತರ ತಿಳಿಯಿತು. ದಾಸ್ತಾನು ಎಣಿಸದೆ ನಷ್ಟದ ಪಟ್ಟಿ ಬರೆಯುವ ಗುಮಾಸ್ತನನ್ನು ಯಾವ ಮಂಡಿಯವನೂ ಇಟ್ಟುಕೊಳ್ಳುವುದಿಲ್ಲ. ಪ್ರಾಣಿಗಳ ವಿಷಯದಲ್ಲಿ ಮಾತ್ರ ಸರಕಾರಗಳೂ ಪತ್ರಿಕೆಗಳೂ ಅಂತಹ ಗುಮಾಸ್ತರ ಮಾತನ್ನು ನಂಬಿಬಿಡುತ್ತವೆ. ಯೂಯಿಸ್ಟಿನಲ್ಲಿಯೂ ಮುಂದಿನ ವರ್ಷಗಳ ಗಣತಿಗಳು ಚಿತ್ರವನ್ನು ಜಟಿಲಗೊಳಿಸಿವೆ. ಹೆಜ್‌ಹಾಗ್‌ನ ಪಾಲು ಸುಳ್ಳಲ್ಲ, ಆದರೆ ಬೇಸಾಯದ ರೀತಿ ಬದಲಾದದ್ದು, ಕಡಲಕಾಗೆಗಳು ಮೊಟ್ಟೆ ತಿನ್ನುವುದು ಇವೂ ಸೇರಿ ಹಕ್ಕಿಗಳ ಏರಿಳಿತವನ್ನು ನಿರ್ಧರಿಸುತ್ತಿವೆ.

ಇನ್ನೊಂದು ವಿಷಯ, ನಮ್ಮ ಟ್ರಸ್ಟುಗಳ ಧರ್ಮದರ್ಶಿಗಳು ಗಮನಿಸಬೇಕಾದದ್ದು. ರೆಸ್ಕ್ಯೂ ಬಳಗದವರು ದ್ವೀಪವಾಸಿಗಳಿಗೆ, ಜೀವಂತವಾಗಿ ತಂದೊಪ್ಪಿಸಿದ ಪ್ರತಿ ಹೆಜ್‌ಹಾಗ್‌ಗೆ ಮೊದಲು 5 ಪೌಂಡ್, ಮುಂದೆ 20 ಪೌಂಡ್ ಬಹುಮಾನ ಗೊತ್ತುಮಾಡಿದರು. ವ್ಯಾಪಾರಿಯಾದ ನನಗೆ ಇದನ್ನು ಓದಿದೊಡನೆ ಅಳುಕಾಯಿತು. ಬೆಲೆ ಕಟ್ಟಿದ ವಸ್ತುವಿನ ಪೂರೈಕೆ ಹೆಚ್ಚುವುದು ಬಜಾರಿನ ನಿಯಮ. ಹಬ್ಬದ ದಿನ ಪಂಜರದ ಹಕ್ಕಿಗಳನ್ನು ಕೊಂಡು ಹಾರಿಬಿಡುವ ರೂಢಿ ನಮ್ಮ ಕೆಲವು ಊರುಗಳಲ್ಲಿ ಹಿಂದಿನಿಂದ ಬಂದಿದೆ. ನಾವು ಕೊಳ್ಳುತ್ತೇವೆಂದು ಗೊತ್ತಿರುವುದರಿಂದಲೇ ಬಲೆಗಾರ ಹಿಂದಿನ ವಾರ ಕಾಡಿಗೆ ಹೋಗುತ್ತಾನೆ; ಹಿಡಿಯುವಾಗ, ಸಾಗಿಸುವಾಗ ಸತ್ತವುಗಳ ಲೆಕ್ಕ ನಮ್ಮ ರಸೀತಿಯಲ್ಲಿ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಕಾಡುಹಕ್ಕಿಗಳ ಮಾರಾಟವೇ ಅಪರಾಧವೆಂಬುದು ಹಾಗಿರಲಿ. ಯೂಯಿಸ್ಟಿನ ಬಹುಮಾನಕ್ಕೂ ಇದಕ್ಕೂ ವ್ಯತ್ಯಾಸವಿದೆಯೆಂದು ಯೋಚಿಸಿದ ಮೇಲೆ ತೋರಿತು. ಅಲ್ಲಿ ಹಣ ಕೊಟ್ಟದ್ದು ಸಾವಿನ ದಾರಿಯಲ್ಲಿದ್ದ ಪ್ರಾಣಿಗೆ. ಆ ಪ್ರಾಣಿ ದ್ವೀಪದಲ್ಲಿ ತೀರಿದಷ್ಟೂ ಹಕ್ಕಿಗೂ ಲಾಭ. ಆದರೂ ‘ಜೀವದಯೆ’ ಎಂಬ ಖಾತೆಯಲ್ಲಿ ಹಣ ಬರೆಯುವ ಮುನ್ನ, ಆ ಹಣ ಮುಂದೆ ಯಾವ ಕೈಗೆ ಹೋಗಿ ಏನನ್ನು ಹುಟ್ಟಿಸುತ್ತದೆಂದು ಕೇಳುವ ಪದ್ಧತಿ ನಮ್ಮ ಸಭೆಗಳಲ್ಲಿ ಬರಬೇಕು.

ಭಕ್ಷಕ ಮತ್ತು ಭಕ್ಷ್ಯ ಎರಡರ ಮೇಲೂ ದಯೆಯಿಡುವ ಕಷ್ಟ ನಮ್ಮ ಸಂಸ್ಥೆಗಳಿಗೆ ಹೊಸದೇನೂ ಅಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯದಲ್ಲಿ ಪಾರಿವಾಳ, ಗಿಳಿಗಳನ್ನು ಒಳಗಿಟ್ಟು ಆರೈಕೆ ಮಾಡುತ್ತಾರೆ. ಹದ್ದು, ಗಿಡುಗಗಳಿಗೆ ಹೊರರೋಗಿಗಳಾಗಿ ಮಾತ್ರ ಚಿಕಿತ್ಸೆ. ಇದನ್ನು ಪಕ್ಷಪಾತವೆಂದು ನಗುವವರುಂಟು. ಮಾಂಸವನ್ನು ಒಳಗೆ ತರಲಾಗದ, ಗಾಯಗೊಂಡ ಹದ್ದನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಲೂ ಆಗದ ಜನರು ಕಂಡುಕೊಂಡ ದಾರಿ ಅದು ಎಂದು ನನಗೆ ಅನಿಸುತ್ತದೆ.

ಹೆಜ್‌ಹಾಗ್‌ಗಳು ಈಗಲೂ ಯೂಯಿಸ್ಟ್ ದ್ವೀಪಗಳಲ್ಲಿ ಇವೆ. ಪೂರ್ತಿಯಾಗಿ ಖಾಲಿಮಾಡುವಷ್ಟು ಹಣವೂ ಜನಬಲವೂ ಒದಗಲಿಲ್ಲ. ಇತ್ತ ಬ್ರಿಟನ್ನಿನ ಮುಖ್ಯಭೂಮಿಯಲ್ಲಿ, ಬೇಲಿಗಿಡಗಳು ಹೋಗಿ ರಸ್ತೆಗಳು ಹೆಚ್ಚಿ, ಅದೇ ಪ್ರಾಣಿ ಕ್ಷೀಣಿಸಿದೆ. 2020ರಲ್ಲಿ ಅಳಿವಿನ ಭೀತಿಯ ಪಟ್ಟಿಗೆ ಅದನ್ನು ಸೇರಿಸಿದರು. ಒಂದು ದಡದಲ್ಲಿ ಹೆಚ್ಚಾಯಿತೆಂದು ಕೊಂದದ್ದನ್ನೇ ಇನ್ನೊಂದು ದಡದಲ್ಲಿ ಉಳಿಸಲು ಚಂದಾ ಎತ್ತುತ್ತಿದ್ದಾರೆ.

ಅದೇ ಹೆಬ್ರಿಡೀಸ್ ಸಮುದ್ರದಲ್ಲಿ ಶಿಯಾಂಟ್ ಎಂಬ ಪುಟ್ಟ ದ್ವೀಪಗಳಿವೆ. ಅಲ್ಲಿ ಕಪ್ಪು ಇಲಿಗಳಿದ್ದವು. ಹದಿನೆಂಟನೆಯ ಶತಮಾನದಲ್ಲಿ ಒಡೆದ ಹಡಗಿನಿಂದ ಇಳಿದವೆಂದು ನಂಬಿಕೆ. ಕಡಲ ಹಕ್ಕಿಗಳ ಹಿತಕ್ಕಾಗಿ 2015-16ರ ಚಳಿಗಾಲದಲ್ಲಿ, ನ್ಯೂಜಿಲೆಂಡಿನ ಪರಿಣತರ ಮಾರ್ಗದರ್ಶನದಲ್ಲಿ ವಿಷದ ಆಹಾರವಿಟ್ಟು ಅವನ್ನು ನಿರ್ಮೂಲಮಾಡಿದರು. 2018ರಲ್ಲಿ ದ್ವೀಪಗಳು ಇಲಿಮುಕ್ತವೆಂದು ಸಾರಿದರು. ಕಪ್ಪು ಇಲಿ ಬ್ರಿಟನ್ನಿನಲ್ಲಿ ಬಹುತೇಕ ಇಲ್ಲವಾಗಿದ್ದ ಜೀವಿ. ಆ ದ್ವೀಪಗಳು ಅದರ ಕೊನೆಯ ನೆಲೆಗಳಲ್ಲೊಂದಾಗಿದ್ದವು. ಹೆಜ್‌ಹಾಗ್‌ಗಾಗಿ ಎದ್ದ ಕೂಗಿನಷ್ಟು ಕೂಗು ಇಲಿಗಾಗಿ ಏಳಲಿಲ್ಲ. ತಲೆಗೆ ಇಪ್ಪತ್ತು ಪೌಂಡಿನ ಬಹುಮಾನವೂ ಇರಲಿಲ್ಲ. ಮುದ್ದಾದ ಮುಖವಿಲ್ಲದ ಪ್ರಾಣಿಗೆ ಆಯುಷ್ಯವೂ ಕಡಿಮೆಯೆ ಎಂದು ಆ ಜನರನ್ನು ಕೇಳಬೇಕೆನಿಸುತ್ತದೆ. ಆದರೆ ಹಿಡಿದ ಇಲಿಗಳನ್ನು ಎಲ್ಲಿ ಬಿಡಬೇಕಾಗಿತ್ತು, ಯಾರ ಹೊಲದಲ್ಲಿ, ಯಾರ ಕಣಜದ ಬಳಿ ಎಂದು ಅವರು ತಿರುಗಿ ಕೇಳಿದರೆ ಕೊಡಲು ನನ್ನಲ್ಲಿ ಉತ್ತರವಿಲ್ಲ. ನಿಮ್ಮ ಮಂಡಿಯ ಗೋದಾಮಿನ ಪಕ್ಕದಲ್ಲಿ ಬಿಡುತ್ತೇವೆಂದು ಯಾರಾದರೂ ಬಂದಿದ್ದರೆ ನಾನಂತೂ ಒಪ್ಪುತ್ತಿರಲಿಲ್ಲ.